ಒನಕೆ, ಜಾಲಿಮುಳ್ಳು ಮತ್ತು ನಾನು

ಜುಲೈ 6, ಭಾನುವಾರ

ಈ ಮನೆಯಲ್ಲಿ ಸಂಗೀತ ಸತ್ತು ಎರಡು ವರ್ಷವಾಯಿತು. ತಿಥಿ ಮಾತ್ರ ದಿನವೂ ನಡೆಯುತ್ತದೆ, ಮಹಡಿಯ ಮೇಲಿನ ಕೋಣೆಯಲ್ಲಿ, ಸಂಜೆಯ ಕಾಫಿಯ ಹೊತ್ತಿಗೆ ಸರಿಯಾಗಿ.

ಇವತ್ತು ತಮ್ಮ ಶ್ರೀನಿವಾಸ್ ತಾನೇ ಲೋಟ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಅವನು ಕಾಫಿ ತಂದನೆಂದರೆ ಹಿಂದೆ ಏನೋ ಕೆಲಸವಿದೆ ಎಂದೇ ಅರ್ಥ. ಅವನ ಹೆಣ್ಣುಮಕ್ಕಳಿಬ್ಬರೂ ಬ್ಯಾಂಡು ಕಟ್ಟಿಕೊಂಡಿದ್ದಾರೆ. ಒಂದೇ ಬ್ಯಾಂಡಾಗಿದ್ದರೆ ಒಂದೇ ತಲೆನೋವು. ದೊಡ್ಡವಳು ಬೃಂದಾ ‘ಒನಕೆ’ ಎಂಬುದರಲ್ಲಿ ಡ್ರಮ್ಸ್ ಬಡಿಯುತ್ತಾಳೆ. ಚಿಕ್ಕವಳು ದುರ್ಗಾ ‘ಜಾಲಿಮುಳ್ಳು’ ಎಂಬುದರಲ್ಲಿ ಗಿಟಾರು ನೇತುಹಾಕಿಕೊಂಡು ಕೂಗುತ್ತಾಳೆ. ಎರಡರಲ್ಲೂ ಇರುವವರೆಲ್ಲ ಹುಡುಗಿಯರೇ. ರಾಕ್ ಸಂಗೀತವಂತೆ. ಚಿತ್ರದುರ್ಗದಲ್ಲಿ ಹುಟ್ಟಿದವರಿಗೂ ಕಲ್ಲು ಸಾಲದೇ ಹೋಯಿತೇ! ಇನ್ನು ಆ ಹೆಸರು. ಈ ಊರಿನಲ್ಲಿ ಹೆಂಗಸರು ಉಪ್ಪಿನಕಾಯಿ ಸಂಘ ಕಟ್ಟಿದರೂ ಒನಕೆ, ಟೈಲರಿಂಗ್ ಅಂಗಡಿ ತೆರೆದರೂ ಒನಕೆ.

“ಅಕ್ಕ, ಹೊಸದುರ್ಗ, ಹೊಳಲ್ಕೆರೆ ಅಂತ ಪ್ರೋಗ್ರಾಂ ಒಪ್ಕಂಡವ್ರೆ. ಅನುಸೂಯಂಗೆ ಆಸ್ಪತ್ರೆ ಡ್ಯೂಟಿ, ನಂಗೆ ಆಫೀಸು. ನೀನು ಜೊತೀಗೆ ಹೋಗಿ ನೋಡ್ಕಂಡು ಬಾ. ಗಣಪತಿ ಹಬ್ಬ ಆಗ್ಲಿ. ಆಮ್ಯಾಕೆ ಇದೆಲ್ಲ ಬ್ಯಾಡ ಅಂತ ನೀನೇ ಹೇಳಿದ್ರೆ ಅವ್ರು ಎದುರಾಡಲ್ಲ,” ಎಂದ.

ಹೆಂಡತಿಯ ಡ್ಯೂಟಿ ಇರಲಿ, ಅವನ ಅಸಲು ಲೆಕ್ಕ ನನಗೆ ಗೊತ್ತಾಗದೆ ಇಲ್ಲ. ಕೆಟ್ಟ ಮಾತು ಹೇಳುವ ಕೆಲಸ ನನ್ನದು, ಒಳ್ಳೆಯ ಅಪ್ಪನಾಗಿ ಉಳಿಯುವ ಕೆಲಸ ಅವನದು. ಆ ಹುಡುಗಿಯರು ಸರಿಗಮ ಕಲಿತದ್ದು ನನ್ನ ಮುಂದೆ ಕುಳಿತು. ನಮ್ಮಪ್ಪ ಹಾರ್ಮೋನಿಯಂ ಜಂಪಣ್ಣ ಎಂದರೆ ಹಿರಿಯೂರಿನಿಂದ ಭರಮಸಾಗರದವರೆಗೆ ನಾಟಕದವರು ಕಾದು ಕುಳಿತಿರುತ್ತಿದ್ದರು. ಅಪ್ಪ ನನಗೆ ಎಲ್ಲವನ್ನೂ ಕಲಿಸಿದರು, ಮೇಳದಲ್ಲಿ ಕೂರಲು ಮಾತ್ರ ಬಿಡಲಿಲ್ಲ. ಹೆಣ್ಣುಮಗಳು ಪೆಟ್ಟಿಗೆ ಹಿಡಿದು ಮಂದಿಯ ಮುಂದೆ ಕೂರುವುದು ಚೆಂದವಲ್ಲ ಎಂದರು. ಸರಿಯೇ ಇದ್ದಿರಬೇಕು. ನಾನು ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಪ್ರಾರ್ಥನೆ ಹೇಳಿಕೊಟ್ಟೆ. ಶ್ರೀನಿವಾಸ್ ಭಜನೆಯಲ್ಲಿ ತಬಲ ನುಡಿಸುತ್ತಾನೆ, ತಬಲಕ್ಕೇ ಬೇಸರವಾಗುವಷ್ಟು.

ಒಪ್ಪಿಕೊಂಡೆ. ಬೇಡ ಎನ್ನುವುದಕ್ಕೆ ಅಲ್ಲಿಯವರೆಗೆ ಹೋಗಿ ನೋಡುವ ಅಗತ್ಯವೇನೂ ಇಲ್ಲ. ಆದರೆ ಪರೀಕ್ಷೆ ಬರೆಸದೆ ಸೊನ್ನೆ ಕೊಡುವುದು ನನ್ನ ಪದ್ಧತಿಯಲ್ಲ. ಬರೆಸಿಯೇ ಕೊಡುತ್ತೇನೆ.

ಜುಲೈ 12, ಶನಿವಾರ

ಹೊಸದುರ್ಗದ ಒಂದು ಕಾಲೇಜಿನ ವಾರ್ಷಿಕೋತ್ಸವ. ಒನಕೆಯ ಸರದಿ. ಟೆಂಪೊದಲ್ಲಿ ನನಗೂ ಡ್ರಮ್ಮಿಗೂ ಒಂದೇ ಸೀಟು. ಉಬ್ಬು ಬಂದಾಗಲೆಲ್ಲ ಅದು ನನ್ನ ಮೊಣಕಾಲಿನ ಮೇಲೆ ಒಂದು ಪೆಟ್ಟು ಕೊಡುತ್ತಿತ್ತು. ಊರು ತಲುಪುವ ಹೊತ್ತಿಗೆ ನಾನೇ ಒಂದು ವಾದ್ಯವಾಗಿದ್ದೆ.

ಕಿವಿಗೆ ಹತ್ತಿ ಇಟ್ಟುಕೊಂಡೇ ಕುಳಿತೆ. ನಿರೂಪಣೆ ಮಾಡುತ್ತಿದ್ದ ಉಪನ್ಯಾಸಕ ಮಹಾಶಯ, “ಈಗ ಚಿತ್ರದುರ್ಗದ ಹೆಣ್ಮಕ್ಳಿಂದ ಒಂದು ಸೊಗಸಾದ ನೃತ್ಯ,” ಎಂದು ಕೂಗಿದ. ವೇದಿಕೆಯ ಮೇಲೆ ಡ್ರಮ್ಮು, ಗಿಟಾರು, ಕೀಬೋರ್ಡು ಇಟ್ಟುಕೊಂಡು ನಿಂತವರನ್ನು ನೋಡಿಯೂ ನೃತ್ಯ ಎನ್ನಬೇಕಾದರೆ ಎಂಥ ವಿದ್ಯೆ ಬೇಕು!

ಮೋನಿಕಾ ಎಂಬ ಹುಡುಗಿ ಹಾಡಿದಳು. ಇಂಗ್ಲಿಷಿನದು ಎರಡು, ಸಿನಿಮಾದ್ದು ಮೂರು. ಕಂಠವಿದೆ, ಉಸಿರಿಲ್ಲ. ಮೇಲಿನ ಸ್ಥಾಯಿಗೆ ಹೋಗುವಾಗ ಬಾವಿಯಿಂದ ತುಂಬಿದ ಕೊಡ ಎಳೆಯುವವರಂತೆ ಮುಖ ಮಾಡುತ್ತಾಳೆ. ಬೃಂದಾ ಮೂರನೆಯ ಹಾಡಿನಲ್ಲಿ ಓಡಿದಳು. ಚಿಕ್ಕಂದಿನಲ್ಲೂ ಹೀಗೇ, ಬಸ್ಸು ತಪ್ಪಿಹೋಗುತ್ತದೆ ಎನ್ನುವವಳಂತೆ ತಾಳ ಹಾಕುತ್ತಿದ್ದಳು. ಬೇಸ್ ಗಿಟಾರಿನ ಹುಡುಗಿಯ ಕೆಳಗಿನ ತಂತಿ ಶ್ರುತಿಗಿಂತ ಕೂದಲೆಳೆಯಷ್ಟು ಇಳಿದಿತ್ತು. ಅದು ಯಾರಿಗೂ ಗೊತ್ತಾಗಲಿಲ್ಲ. ಇಳಿದು ಬಂದ ಮೇಲೆ ಹೇಳಿದೆ. “ಇಷ್ಟು ಸೌಂಡಲ್ಲಿ ಅದು ನಿಮ್ಗೆ ಕೇಳಿಸ್ತಾ ಟೀಚರ್?” ಎಂದು ಬಾಯಿ ಬಿಟ್ಟಳು.

ಕೇಳಿಸದೆ ಏನು. ಬಲಗಿವಿಯ ಹತ್ತಿ ಎಲ್ಲೋ ಬಿದ್ದುಹೋಗಿತ್ತು.

ಜುಲೈ 14, ಸೋಮವಾರ

ಅಕ್ಕ ತಂಗಿ ಮಾತು ಬಿಟ್ಟಿದ್ದಾರೆ. ಮಲಗುವುದು ಒಂದೇ ಕೋಣೆಯಲ್ಲಿ. ಹಾಗಾಗಿ ನಾನು ಅಂಚೆಯವಳಾಗಿದ್ದೇನೆ.

“ಅತ್ತೆ, ಚಾರ್ಜರ್ ಕೊಡು ಅಂತ ಅವಳಿಗೆ ಹೇಳು.”

“ಅತ್ತೆ, ಅದು ನಂದು ಅಂತ ಅವಳಿಗೆ ಹೇಳು.”

ಇಬ್ಬರೂ ನನ್ನ ಎದುರಿಗೇ ಕುಳಿತಿದ್ದರು.

ಜಗಳದ ಮೂಲ ಇವತ್ತು ಗೊತ್ತಾಯಿತು. ಮೊದಲು ಇದ್ದದ್ದು ಒಂದೇ ಬ್ಯಾಂಡು, ಒನಕೆ. ಬೃಂದಾಗೆ ಹೆಸರಾದ ಹಾಡುಗಳನ್ನು ಚೂರೂ ತಪ್ಪಿಲ್ಲದೆ ನುಡಿಸಬೇಕು. ದುರ್ಗಾಗೆ ತನ್ನದೇ ಹಾಡು ಬೇಕು, ತಪ್ಪಾದರೂ ಪರವಾಗಿಲ್ಲ. “ಅವ್ಳು ಜೆರಾಕ್ಸ್ ಅಂಗಡಿ ಇಟ್ಕಂಡವಳೆ,” ಎಂದು ಇವಳು. “ಇವ್ಳು ಬರೆಯೋದನ್ನ ಹಾಡು ಅಂದ್ರೆ ಹಾಡಿಗೆ ನಾಚ್ಕೆ ಆಗ್ತೈತೆ,” ಎಂದು ಅವಳು. ತಂಗಿ ಹೊರಗೆ ಬಂದು ಇಬ್ಬರು ಹುಡುಗಿಯರನ್ನು ಸೇರಿಸಿಕೊಂಡು ಜಾಲಿಮುಳ್ಳು ಕಟ್ಟಿದಳು. ಅದರಲ್ಲಿ ಡ್ರಮ್ಸ್ ಇಲ್ಲ. ಒಬ್ಬಳು ಮರದ ಪೆಟ್ಟಿಗೆಯ ಮೇಲೆ ಕುಳಿತು ಅದನ್ನೇ ತಟ್ಟುತ್ತಾಳೆ.

ನನಗೇನು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಎಡಗಾಲಿನ ಆಣಿ ಮೇಲೋ ಬಲಗಾಲಿನ ಆಣಿ ಮೇಲೋ ಎಂದು ಕೇಳಿದ ಹಾಗೆ.

ಜುಲೈ 27, ಭಾನುವಾರ

ಹೊಳಲ್ಕೆರೆ. ಯುವಕ ಸಂಘದವರ ಕಾರ್ಯಕ್ರಮ. ಜಾಲಿಮುಳ್ಳು ಶುರು ಮಾಡಿ ಎರಡನೆಯ ಹಾಡಿಗೆ ಕರೆಂಟು ಹೋಯಿತು. ಸಂಘದ ಅಧ್ಯಕ್ಷ ಎತ್ತಪ್ಪ ಓಡಿಬಂದು, “ಸಾಕು ಬಿಡ್ರಮ್ಮ, ಇಷ್ಟೇ ಚಲೋ ಆತು, ಹೊಂಡ್ರಿ,” ಎಂದ. ಅವನ ಮುಖದಲ್ಲಿ ಕಂಡಂಥ ಸಮಾಧಾನವನ್ನು ನಾನು ಹೆರಿಗೆ ವಾರ್ಡಿನ ಹೊರಗೆ ಮಾತ್ರ ನೋಡಿದ್ದೇನೆ.

ದುರ್ಗಾ ಹೊರಡಲಿಲ್ಲ. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಮೈಕಿಲ್ಲದೆ ಹಾಡಿದಳು. ಪೆಟ್ಟಿಗೆಯ ಹುಡುಗಿ ಪಕ್ಕದಲ್ಲಿ ಕುಳಿತು ತಟ್ಟಿದಳು. ಹಾಡು ಯಾವುದರ ಮೇಲೆ? ನಲ್ಲಿಯ ಮೇಲೆ!

ವಾರಕ್ಕೊಮ್ಮೆ ಬರೋನೆ ನಲ್ಲಿಯಣ್ಣಾ,
ಬಂದಾಗ ಬಾಗ್ಲು ತಟ್ಟಬಾರ್ದೇನಣ್ಣಾ,
ಬಿಂದಿಗೆ ಸಾಲು ನಿಂತೈತೆ, ನನ್ ಕಾಲೂ ನಿಂತೈತೆ…

ಇದೂ ಒಂದು ಸಾಹಿತ್ಯ. ಮುಂದೆ ಕುಳಿತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಅವರೇ “ನಲ್ಲಿಯಣ್ಣಾ” ಎಂದು ಎಳೆಯತೊಡಗಿದರು. ಕರೆಂಟು ಬಂದ ಮೇಲೂ ಯಾರಿಗೂ ಮೈಕಿನ ನೆನಪಾಗಲಿಲ್ಲ. ಎತ್ತಪ್ಪನೊಬ್ಬ ಕಂಬಕ್ಕೆ ಒರಗಿಕೊಂಡು ಗಡಿಯಾರ ನೋಡುತ್ತಿದ್ದ.

ಬರುವಾಗ ಟೆಂಪೊದಲ್ಲಿ ದುರ್ಗಾಗೆ ಹೇಳಿದೆ, ಎರಡನೆಯ ಸಾಲಿನ ಕೊನೆಯ ‘ಣ್ಣಾ’ ಎಳೆಯಬೇಡ, ಮೊಟಕುಮಾಡು, ಆಗ ಮೂರನೆಯ ಸಾಲು ತಾಳದ ಮೊದಲ ಪೆಟ್ಟಿಗೆ, ಸಮದ ಮೇಲೆ, ಬೀಳುತ್ತದೆ ಎಂದು. ಅವಳು ತೊಡೆಯ ಮೇಲೆ ತಟ್ಟಿ ನೋಡಿ ಕಣ್ಣು ಅಗಲ ಮಾಡಿದಳು. ಕಿವಿಗೆ ಚುಚ್ಚುತ್ತಿತ್ತು, ಅದಕ್ಕೇ ಹೇಳಿದ್ದು.

ಆಗಸ್ಟ್ 3, ಭಾನುವಾರ

ಮೇಲೆ ಹೋಗಿ ಬೃಂದಾಗೆ ಬೈದೆ. ಮೂರನೆಯ ಹಾಡನ್ನು ಕೈಯಲ್ಲಿ ತಾಳ ಹಾಕಿ ಹೇಳಿಸಿದೆ. ಮತ್ತೆ ಹೇಳಿಸಿದೆ. ಮೊಣಕಾಲು ನೋವು. ನನ್ನನ್ನು ಮೆಟ್ಟಿಲು ಹತ್ತಿಸದಿರುವುದಕ್ಕಾದರೂ ಇವರಿಗೆ ಲಯ ಬರಬಾರದೆ?

ಆಗಸ್ಟ್ 19, ಮಂಗಳವಾರ

ಮನೆಯಲ್ಲಿ ರಂಪ.

ಹೊಸದುರ್ಗದಲ್ಲಿ ಯಾವನೋ ಬೃಂದಾ ಬಾರಿಸುವುದನ್ನು ಮೊಬೈಲಿನಲ್ಲಿ ಹಿಡಿದಿದ್ದಾನೆ. ಕೂದಲು ಬಿಚ್ಚಿಕೊಂಡು ತಲೆ ಆಡಿಸುವ ತುಣುಕನ್ನಷ್ಟೇ ಕತ್ತರಿಸಿ, ‘ಮೈಮೇಲೆ ದೆವ್ವ ಬಂದೈತೆ, ತಾಯ್ತ ಕಟ್ಟಿಸ್ರಪ್ಪ’ ಎಂದು ಬರೆದು ಬಿಟ್ಟಿದ್ದಾನೆ. ಅದು ಊರೆಲ್ಲ ಸುತ್ತಿ ಶ್ರೀನಿವಾಸನ ಆಫೀಸಿನಲ್ಲಿ ಊಟದ ಹೊತ್ತಿಗೆ ಬಂದಿದೆ. ಜೊತೆಯವರು ಅವನ ಮಗಳೆಂದು ಗೊತ್ತಿದ್ದೂ ಅವನ ಮುಂದೆಯೇ ಹಾಕಿ ನಕ್ಕರಂತೆ. ಬುತ್ತಿಯ ಡಬ್ಬಿಯನ್ನು ಮುಚ್ಚಿದ್ದು ಮುಚ್ಚಿದ ಹಾಗೇ ತಂದಿದ್ದ.

“ಸಾಕು. ಇವತ್ತಿಗೆ ಸಾಕು. ಜಂಪಣ್ಣನ ಮೊಮ್ಮಕ್ಳು ಅಂತ ಹೇಳ್ಕಳಾಕೆ ನಾಚ್ಕೆ ಆಗ್ತೈತೆ.”

ಬೃಂದಾ ಗೋಡೆ ನೋಡುತ್ತ ನಿಂತಿದ್ದಳು. ಉತ್ತರ ಕೊಟ್ಟಿದ್ದು ದುರ್ಗಾ. “ಅಪ್ಪ, ತಾತನ್ನ ಯಾಕೆ ಎಳಿತೀಯ? ನಗೋರಿಗೆ ಬಾಯಿ ಮುಚ್ರೋ ಅನ್ನಕ್ಕೆ ಆಗ್ಲಿಲ್ವಾ ನಿಂಗೆ? ಅವ್ಳು ಬಾರ್ಸಿದ್ರಲ್ಲಿ ಏನು ತಪ್ಪಿತ್ತು ಹೇಳು ನೋಡಾಣ.” ಹೇಳಿದವಳು ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅನುಸೂಯ ಆಸ್ಪತ್ರೆಯಿಂದ ಬಂದವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು.

ಎಲ್ಲರೂ ನನ್ನ ಮುಖವನ್ನೇ ನೋಡಿದರು. ಬೇಡ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಹಿರಿಯೂರಿನ ಗಣಪತಿ ಕಾರ್ಯಕ್ರಮಕ್ಕೆ ಎರಡೂ ಬ್ಯಾಂಡಿನವರು ಒಪ್ಪಿಕೊಂಡಾಗಿದೆ. ಒಪ್ಪಿಕೊಂಡ ಮೇಲೆ ಹೋಗದಿರುವುದು ಅಪ್ಪನ ಮನೆಯಲ್ಲಿ ನಡೆದದ್ದಿಲ್ಲ. ಹಬ್ಬ ಆಗಲಿ ಎಂದಿದ್ದೆಯಲ್ಲ, ಹಿರಿಯೂರು ಮುಗಿಯಲಿ, ಹೇಳುತ್ತೇನೆ ಎಂದೆ. ಅಷ್ಟೇ. ಕನಿಕರವೇನೂ ಇಲ್ಲ.

ಆ ವಿಡಿಯೊವನ್ನು ನಾನೂ ನೋಡಿದೆ. ಕೆಳಗೆ ಜನ ಬರೆದಿದ್ದನ್ನೆಲ್ಲ ಓದಿದೆ. ಒಬ್ಬನಿಗಾದರೂ ಕಾಗುಣಿತ ಬರಬಾರದೆ? ಒಬ್ಬ ಮಹಾನುಭಾವ ‘ತಮಟೆ ಹೊಡೆಯೋಕೆ ಲಾಯಕ್ಕು’ ಎಂದು ಬರೆದಿದ್ದಾನೆ. ತಮಟೆ ಹೊಡೆಯುವುದು ಸುಲಭ ಎಂದುಕೊಂಡ ಮೂರ್ಖ. ಇವನ ಕೈಗೆ ಕೋಲು ಕೊಟ್ಟರೆ ತನ್ನ ಮೊಣಕಾಲಿಗೇ ಹೊಡೆದುಕೊಂಡಾನು. ಆ ತುಣುಕಿನಲ್ಲಿ ಬೃಂದಾ ಓಡಿಯೇ ಇಲ್ಲ. ಮೊದಲನೆಯ ಹಾಡು ಅದು. ಮೊದಲನೆಯದರಲ್ಲಿ ಅವಳ ಲಯ ಕಲ್ಲಿನ ಹಾಗೆ ನಿಂತಿರುತ್ತದೆ.

ಆಗಸ್ಟ್ 31, ಭಾನುವಾರ

ಮೈಯೆಲ್ಲ ನೋವು. ಆದರೂ ಬರೆದುಬಿಡುತ್ತೇನೆ. ನಾಳೆ ಇವರೆಲ್ಲ ಬೇರೆ ಬೇರೆ ಥರ ಹೇಳುತ್ತಾರೆ.

ಹಿರಿಯೂರು ತಲುಪಿದಾಗ ಇನ್ನೂ ಬಿಸಿಲಿತ್ತು. ಪೆಂಡಾಲಿನಲ್ಲಿ ನಮ್ಮವರು ಸಾಮಾನು ಇಳಿಸುವಾಗ ಸಮಿತಿಯ ಗುರುರಾಜ್ ಎಂಬುವವನು ಬಂದ. ಕುತ್ತಿಗೆಗೆ ಶಾಲು, ಕಿವಿಗೆ ಫೋನು. ಫೋನು ಕೆಳಗಿಳಿಸದೆಯೇ ನಮ್ಮೊಡನೆ ಮಾತಾಡಿದ.

“ನೋಡ್ರಮ್ಮ, ಟೈಮಿಲ್ಲ. ಆರ್ಕೆಸ್ಟ್ರಾದೋರು ಬಂದವ್ರೆ. ಲೇಡೀಸ್ ಬ್ಯಾಂಡ್ ಒಂದು ಸಾಕು. ಯಾವ್ದಾದ್ರೂ ಒಬ್ರು ಹತ್ತಿ ಒಂದೆರಡು ಹಾಡು ಹೇಳಿ ಇಳೀರಿ.”

“ನಮ್ಮಿಬ್ರಿಗೂ ಹೇಳಿದ್ರಲ್ಲ ಸಾರ್,” ಎಂದಳು ಬೃಂದಾ.

“ಹೇಳಿದ್ವಿ, ಇಲ್ಲ ಅನ್ನಲ್ಲ. ಎಲ್ಡೂ ಒಂದೇ ಅಲ್ವೇನಮ್ಮ? ಹುಡ್ಗೀರ ಬ್ಯಾಂಡು.”

ನನಗೆ ಎಲ್ಲಿಂದ ಬಂತೋ ಸಿಟ್ಟು. ಅಜ್ಞಾನವನ್ನು ಕಂಡರೆ ಮೊದಲಿನಿಂದಲೂ ನನಗೆ ಆಗುವುದಿಲ್ಲ.

“ಯಾವ್ದು ಒಂದೇ?” ಎಂದೆ. “ಫೋನು ಇಳ್ಸಿ ಕೇಳ್ರಿ. ಒನಕೇದು ಕಟ್ಟಿದ ಸಂಗೀತ. ಡ್ರಮ್ಮು, ಬೇಸು ಎರಡೂ ಒಂದೇ ಉಸ್ರು ತಗೀತವೆ, ಒಬ್ರು ತಪ್ಪಿದ್ರೆ ಇನ್ನೊಬ್ರು ಬೀಳ್ತಾರೆ, ಅಂಗಾಗಿ ತಪ್ಪಂಗಿಲ್ಲ. ಜಾಲಿಮುಳ್ಳು ಅದಲ್ಲ. ಅದ್ರಲ್ಲಿ ಮಾತು ಮುಂದೆ, ತಾಳ ಹಿಂದೆ. ಗಿಟಾರು ಹಾಡಿನ ಜೊತೀಗೆ ಜಗಳ ಆಡ್ತದೆ, ಬೇಕಂತ್ಲೇ ಆಡ್ತದೆ. ಒಂದು ಕೋಟೆ ಗೋಡೆ, ಇನ್ನೊಂದು ಅದ್ರ ಸಂದೀಲಿ ಹುಟ್ಟಿದ ಗಿಡ. ನಿಮ್ಮ ಆರ್ಕೆಸ್ಟ್ರಾದೋರು ಊರೂರಿಗೂ ಅದೇ ಹಾಡು ಅದೇ ಹರಟೆ ಹೊಡೀತಾರಲ್ಲ, ಒಂದೇ ಅನ್ನಾದು ಅದಕ್ಕೆ!”

ಗುರುರಾಜ್ ಫೋನು ಇಳಿಸಿದ. ಹುಡುಗಿಯರೆಲ್ಲ ನನ್ನನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು. ಏನು ನೋಡುವುದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಮ್ಮ, ದೊಡ್ಡೋರು, ನಿಮ್ಗೆ ಗೊತ್ತಾಗಲ್ಲ,” ಎಂದು ಅವನು ತಿರುಗಿ ಹೊರಟ.

ನಾನು ಮೆಟ್ಟಿಲು ಹತ್ತಿ, ವೇದಿಕೆಯ ಮೇಲೆ ಅತಿಥಿಗಳಿಗೆಂದು ಹಾಕಿದ್ದ ಸೋಫಾದ ನಟ್ಟನಡುವೆ ಕುಳಿತೆ. ಎಳೆನೀಲಿ ಮಖಮಲ್ಲು, ಚೆನ್ನಾಗಿತ್ತು. ಒಬ್ಬೊಬ್ಬರೇ ಬಂದು ಏಳಿರಿ ಎಂದರು. ಮೊಣಕಾಲು ಹಿಡಿದುಕೊಂಡಿದೆ, ಏಳಲಾಗದು ಎಂದೆ. ಅದೇನೂ ಸುಳ್ಳಲ್ಲ. “ಎರಡೂ ಬ್ಯಾಂಡಿನ ಹಾಡು ಪೂರ್ತಿ ಆದ್ಮೇಲೆ ಈ ನೋವು ತಾನೇ ಇಳೀತದೆ,” ಎಂದೆ. ಆರ್ಕೆಸ್ಟ್ರಾದವರು ಕೋಟು ಹಾಕಿಕೊಂಡು ಬೆವರುತ್ತ ನಿಂತಿದ್ದರು. ಜನ ಸೇರತೊಡಗಿದರು. ಒಬ್ಬ ಹೆಂಗಸು ಕೆಳಗಿನಿಂದ, “ಕುಂತ್ಕಳ್ರಿ ಅಮ್ಮ, ಏಳಬ್ಯಾಡ್ರಿ!” ಎಂದು ಕೂಗಿದಳು. ಕೈ ಹಿಡಿದು ಎಬ್ಬಿಸಲು ಸಮಿತಿಯವರಿಗೆ ಧೈರ್ಯ ಸಾಲಲಿಲ್ಲ, ಮೊಬೈಲುಗಳು ಆಗಲೇ ಮೇಲೆದ್ದಿದ್ದವು. ಕೊನೆಗೆ ಗುರುರಾಜ್ ಕೈ ಮುಗಿದು, “ಎಲ್ಡೂ ಆಗ್ಲಿ ತಾಯಿ,” ಎಂದ.

ಒನಕೆ ಮೊದಲು. ಮೋನಿಕಾ ಎರಡನೆಯ ಹಾಡಿನಲ್ಲಿ ಒಂದು ಚರಣವನ್ನೇ ನುಂಗಿದಳು. ಮೂರನೆಯ ಹಾಡಿನಲ್ಲಿ ಬೃಂದಾ ಓಡಲಿಲ್ಲ. ಓಡುವ ಜಾಗ ಬಂದಾಗ ನಾನು ಸೋಫಾದಿಂದ ಒಂದು ಸಲ ಕೆಮ್ಮಿದೆ. ಅಷ್ಟೇ.

ಆಮೇಲೆ ಜಾಲಿಮುಳ್ಳು. ನಲ್ಲಿಯ ಹಾಡಿಗೆ ಜನ ಬಿದ್ದು ಬಿದ್ದು ನಗುವ ಹೊತ್ತಿಗೆ ದುರ್ಗಾಳ ಗಿಟಾರಿನ ತಂತಿ ಹರಿಯಿತು. ಹಾಡು ನಿಂತಿತು. ಹುಡುಗಿ ತಂತಿ ಹುಡುಕುತ್ತ ಚೀಲದ ಮುಂದೆ ಕುಕ್ಕರಿಸಿದಳು. ಪೆಟ್ಟಿಗೆಯ ಹುಡುಗಿ ಗಾಬರಿಯಿಂದ ತಟ್ಟುವುದನ್ನೇ ಬಿಟ್ಟಳು. ಹಿಂದಿನಿಂದ ಸಿಳ್ಳೆ ಶುರುವಾಯಿತು. ಯಾವನೋ “ಮನೀಗೋಗಿ ಮುದ್ದೆ ತಿರುವ್ರಿ!” ಎಂದ.

ಆಗ ಬೃಂದಾ ಪರದೆಯ ಹಿಂದಿನಿಂದ ಬಂದು ಡ್ರಮ್ಸಿನ ಮುಂದೆ ಕುಳಿತಳು. ಯಾರ ಕಡೆಯೂ ನೋಡಲಿಲ್ಲ. ನಲ್ಲಿಯ ಹಾಡಿನ ಲಯವನ್ನೇ ಹಿಡಿದಳು, ಮೊದಲು ಅಂಚಿನ ಮೇಲೆ ಮೆಲ್ಲಗೆ, ಹನಿ ಬೀಳುವ ಹಾಗೆ. ಆಮೇಲೆ ಒಂದೊಂದಾಗಿ ತುಂಬಿಸಿದಳು. ಸಿಳ್ಳೆ ನಿಂತು ಚಪ್ಪಾಳೆಯಾಯಿತು, ಚಪ್ಪಾಳೆ ತಾಳಕ್ಕೆ ಬಂತು. ದುರ್ಗಾ ತಂತಿ ಬಿಗಿದು, ಶ್ರುತಿ ಕೂಡಿಸಿ, ಎದ್ದು ನಿಂತು ಬಿಟ್ಟ ಸಾಲಿನಿಂದಲೇ ಎತ್ತಿಕೊಂಡಳು. ‘ಣ್ಣ’ ಎಂದು ಮೊಟಕು ಮಾಡಿದಳು. ಸಮದ ಮೇಲೆ ಬೃಂದಾಳ ಪೆಟ್ಟು ಬಿತ್ತು.

ಅಕ್ಕನಿಗೆ ತಂಗಿಯ ಹಾಡು ಪೂರ್ತಿ ಬಾಯಿಪಾಠ. ನಾಚಿಕೆಗೆಟ್ಟವಳು.

ಹಾಡು ಮುಗಿದ ಕೂಡಲೆ ಬೃಂದಾ ಎದ್ದು ಹೋದಳು. ಐಮಂಗಲದ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ದುರ್ಗಾ ಎರಡು ಲೋಟ ತಂದು ಒಂದನ್ನು ಅಕ್ಕನ ಕೈಗೆ ಕೊಟ್ಟಳು.

“ಸಕ್ರೆ ಜಾಸ್ತಿ ಐತೆ,” ಎಂದಳು ಬೃಂದಾ.

“ಕುಡಿ, ಸಾಯಲ್ಲ.”

ನನ್ನ ಮೂಲಕ ಹೇಳಿಸಲಿಲ್ಲ. ಸದ್ಯ, ಒಂದು ಕೆಲಸ ಕಡಿಮೆಯಾಯಿತು. ನನಗೆ ಟೀ ತರಬೇಕೆಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಈಗ ಊರು ಸುತ್ತುತ್ತಿರುವುದು ನನ್ನ ವಿಡಿಯೊ. ಸೋಫಾದ ಮೇಲೆ ಕುಳಿತ ನಾನು, ಕೈ ಮುಗಿದು ನಿಂತ ಗುರುರಾಜ್. ‘ಸೋಫಾ ಅಜ್ಜಿ’ ಎಂದು ಹೆಸರಿಟ್ಟಿದ್ದಾರೆ. ಅಜ್ಜಿಯಂತೆ!

ಶ್ರೀನಿವಾಸ್ ಸಂಜೆ ಬಂದ. ಕಾಫಿ ಇರಲಿಲ್ಲ.

“ನಿನ್ನ ಕಳ್ಸಿದ್ದೇ ತಪ್ಪಾತು ಅಕ್ಕ. ಮಕ್ಳನ್ನ ಹದ್ದುಬಸ್ತಲ್ಲಿ ಇಡು ಅಂತ ಕಳ್ಸಿದ್ರೆ ನೀನು ಅಲ್ಲೋಗಿ ಕುಂತ್ಕಂಡೆ. ಆಗ್ಲಿ, ಈಗ ಹೇಳು. ಹಬ್ಬ ಆತು, ಹಿರಿಯೂರೂ ಆತು. ನಿಲ್ಸಾಣಾ?”

ಮಕ್ಕಳಿಬ್ಬರೂ ಬಾಗಿಲ ಆಚೆ ನಿಂತಿದ್ದರು. ನೆರಳು ಕಾಣುತ್ತಿತ್ತು.

ಇದ್ದದ್ದನ್ನು ಹೇಳಿದೆ. ಮೋನಿಕಾಗೆ ಉಸಿರಿಲ್ಲ. ಬೃಂದಾಗೆ ತಾಳ್ಮೆಯಿಲ್ಲ, ಕೆಮ್ಮುವವರು ಬೇಕು. ದುರ್ಗಾಳ ಗಿಟಾರು ಚೆನ್ನ, ಶ್ರುತಿ ಮಧ್ಯದಲ್ಲಿ ಅಲೆಯುತ್ತದೆ. ಪೆಟ್ಟಿಗೆಯ ಹುಡುಗಿಗೆ ಎದೆಗಾರಿಕೆ ಸಾಲದು. ಎರಡೂ ಬ್ಯಾಂಡು ಕಲಿಯುವುದು ಬೆಟ್ಟದಷ್ಟಿದೆ.

“ಅದನ್ನೇ ನಾನೂ ಹೇಳಿದ್ದು,” ಎಂದು ಅವನ ಮುಖ ಅರಳಿತು. “ನಿಲ್ಸಾಣ.”

“ಚೆಂದಾಗಿ ನುಡ್ಸಿದ್ರೆ ನಿಲ್ಸು ಅಂತಿದ್ದೆ ಕಣೋ,” ಎಂದೆ. “ಇಷ್ಟು ಕೆಟ್ಟದಾಗಿ ನುಡಿಸ್ತಿರುವಾಗ ಹೆಂಗೆ ನಿಲ್ಸಾಕಾಗ್ತದೆ? ಜಂಪಣ್ಣನ ಮನೆಯಿಂದ ಅರ್ಧಂಬರ್ಧ ಕಲ್ತೋರು ಹೊರಗೆ ಹೋಗಬಾರ್ದು. ನಾಳೆಯಿಂದ ಅಭ್ಯಾಸ ಕೆಳಗೆ, ನನ್ನ ಕೋಣೇಲಿ. ಮೆಟ್ಲು ಹತ್ತಕ್ಕೆ ನನ್ನ ಕೈಲಾಗಲ್ಲ.”

ಅವನು ನನ್ನ ಮಂಚ ನೋಡಿದ, ಬಾಗಿಲು ನೋಡಿದ. “ನಿನ್ನ ಕೋಣೇಲಿ ಮಲಗಾದೆಲ್ಲಿ ನೀನು?” ಎಂದ. ಅಷ್ಟೇ ತೋಚಿತು ಅವನಿಗೆ. ಬಾಗಿಲಾಚೆ ಯಾರೋ ಬಾಯಿಗೆ ಕೈ ಒತ್ತಿಕೊಂಡ ಸದ್ದು.

ಮಂಚವನ್ನು ಗೋಡೆಗೆ ಸರಿಸಿದರೆ ಡ್ರಮ್ಸ್ ಹಿಡಿಸುತ್ತದೆ. ಅಳತೆ ನೋಡಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ಜ್ವರ. ಇವತ್ತು ಭರಮಸಾಗರದಲ್ಲಿ ಎರಡೂ ಬ್ಯಾಂಡಿನ ಕಾರ್ಯಕ್ರಮವಿತ್ತು. ಅನುಸೂಯ ಮಾತ್ರೆ ಕೊಟ್ಟು, ಏಳಕೂಡದು ಎಂದಳು. ಬೇರೆ ಯಾರೂ ಇಲ್ಲದ್ದಕ್ಕೆ ಶ್ರೀನಿವಾಸನೇ ಜೊತೆಗೆ ಹೋದ. ಮುಖ ಗಂಟು ಹಾಕಿಕೊಂಡು, ಕೊಡೆ ಹಿಡಿದುಕೊಂಡು, ಸಾವಿನ ಮನೆಗೆ ಹೊರಟವನಂತೆ ಹೋದ.

ಮನೆ ನಿಶ್ಶಬ್ದವಾಗಿತ್ತು. ಎಷ್ಟು ದಿನದಿಂದ ಬಯಸಿದ್ದೆ. ನಿದ್ದೆ ಬರಲಿಲ್ಲ.

ಅವರು ಬಂದಾಗ ನಾನು ಗಂಜಿ ಕುಡಿಯುತ್ತಿದ್ದೆ. ಹುಡುಗಿಯರಿಗಿಂತ ಮೊದಲು ಶ್ರೀನಿವಾಸ್ ಒಳಗೆ ಬಂದ. ಕೊಡೆ ಎಲ್ಲೋ ಬಿಟ್ಟು ಬಂದಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಅಕ್ಕ, ಆ ಸೌಂಡಿನೋನಿಗೆ ಬುದ್ಧಿ ಐತೇನೇ? ಬೃಂದಾನ ಡ್ರಮ್ಸಿಗೆ ಒಂದು ಮೈಕು ಇಟ್ಟಿಲ್ಲ ಅವ್ನು! ಹುಡುಗಿ ಅಲ್ಲಿ ಜೀವ ತೇಯ್ತಾ ಅವ್ಳೆ, ಮುಂದೆ ಕುಂತೋರಿಗೆ ಟಪ್ ಟಪ್ ಅಂತ ಹಪ್ಪಳ ಮುರಿದಂಗೆ ಕೇಳ್ತೈತೆ. ಹೋಗಿ ಹಿಡ್ಕಂಡೆ ನೋಡು. ‘ನೀವ್ಯಾರ್ರಿ’ ಅಂತಾನೆ. ‘ಅವ್ಳಪ್ಪ ಕಣಯ್ಯ, ಮೈಕು ಇಡು’ ಅಂದೆ. ಆಮ್ಯಾಕೆ ಇಟ್ಟ.”

ಅವನು ಕುಳಿತುಕೊಳ್ಳದೆ ಮಾತಾಡುತ್ತಲೇ ಇದ್ದ. ದುರ್ಗಾಳ ಎರಡನೆಯ ಹಾಡಿಗೆ ತಬಲ ಸೇರಿಸಿದರೆ ಹೇಗೆ ಎಂದು ಕೇಳಿದ. ಬೆರಳಲ್ಲಿ ನನ್ನ ಮಂಚದ ಅಂಚಿನ ಮೇಲೆ ನುಡಿಸಿಯೂ ತೋರಿಸಿದ. ಹಿಂದೆ ನಿಂತ ಮಕ್ಕಳಿಬ್ಬರೂ ಒಟ್ಟಿಗೆ, “ಬೇಡ!” ಎಂದರು.

ಮನುಷ್ಯ ಒಂದೇ ಸಂಜೆಗೆ ಇಷ್ಟು ಬದಲಾಗಬಾರದು. ಬೆಳಿಗ್ಗೆ ಒಂದು ಮಾತು, ರಾತ್ರಿ ಒಂದು ಮಾತು. ಸ್ಥಿರತೆ ಎಂದರೇನು ಎಂದು ನನ್ನನ್ನು ನೋಡಿ ಕಲಿಯಲಿ.